ಕಿಟಕಿಯಣ್ಣ ಈಗ ಉತ್ತರ ಹೇಳುವುದಿಲ್ಲ

ಈ ಒಂದು ಕಾರ್ಡನ್ನು ಇಡಬೇಕೋ, ತೆಗೆದು ಜೇಬಿಗೆ ಹಾಕಿಕೊಳ್ಳಬೇಕೋ? ಉಳಿದವೆಲ್ಲ ಸರಿ. ‘ರಕ್ತ ಪರೀಕ್ಷೆ’, ‘ಹೆರಿಗೆ ವಾರ್ಡು’, ‘ಔಷಧ ಅಂಗಡಿ’, ‘ರೋಗಿಯನ್ನು ನೋಡುವ ಸಮಯ’ ಇವನ್ನು ಯಾರ ಮುಂದೆ ಬೇಕಾದರೂ ಹರಡಬಹುದು. ಆದರೆ ‘ಶವಾಗಾರ’? ಮನೆಯವರನ್ನು ವಾರ್ಡಿನಲ್ಲಿ ಮಲಗಿಸಿ ಬಂದವರ ಕೈಗೆ ಬೆಳ್ಳಂಬೆಳಗ್ಗೆ ಇದನ್ನು ಕೊಡುವುದು ಹೇಗೆ? ಕೊಡದಿದ್ದರೆ, ಅದು ಬೇಕಾದವರು ಹುಡುಕುವುದಾದರೂ ಎಲ್ಲಿ?

ದೊಡ್ಡಾಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಇನ್ನೂ ಅರ್ಧ ದೀಪಗಳಷ್ಟೇ ಉರಿಯುತ್ತಿವೆ. ಒರೆಸಿದ ನೆಲದಿಂದ ಫಿನಾಯಿಲ್ ವಾಸನೆ ಏಳುತ್ತಿದೆ. ಮೂಲೆಯ ಮೇಜಿನ ಮುಂದೆ ಕೂತ ವ್ಯಕ್ತಿ ಬಿಳಿ ಕಾರ್ಡುಗಳನ್ನು ಇಸ್ಪೀಟಿನ ಎಲೆಗಳಂತೆ ಕಲಸುತ್ತಾರೆ, ನಿಲ್ಲಿಸುತ್ತಾರೆ, ಮತ್ತೆ ಕಲಸುತ್ತಾರೆ. ಕೊನೆಗೆ ಆ ಕಾರ್ಡನ್ನೂ ಕಟ್ಟಿನೊಳಗೆ ಸೇರಿಸುತ್ತಾರೆ.

ಇಲ್ಲಿ ಎಲ್ಲರೂ ಅವರನ್ನು ಕರೆಯುವುದು ಕಿಟಕಿಯಣ್ಣ ಎಂದು. ಮೀಸೆ ಮೂಡಿದ ವಯಸ್ಸಿಗೆ ‘ವಿಚಾರಣೆ’ ಎಂದು ಬರೆದ ಕಿಟಕಿಯ ಹಿಂದೆ ಕೂತವರು, ಮೀಸೆ ಬೆಳ್ಳಗಾದರೂ ಎದ್ದಿಲ್ಲ. ಎಕ್ಸ್‌ರೇ ಎಲ್ಲಿ, ಕಣ್ಣಿನ ಡಾಕ್ಟರು ಬಂದರಾ, ನಮ್ಮಜ್ಜಿ ಯಾವ ವಾರ್ಡು, ಕುಡಿಯುವ ನೀರು ಎಲ್ಲಿ. ದಿನವೊಂದಕ್ಕೆ ಮುನ್ನೂರು ನಾನೂರು ಪ್ರಶ್ನೆಗಳಾದರೂ ಬರುತ್ತವೆ. ಕಿಟಕಿಯ ಹೊರಗಿನ ಮರದ ಹಲಗೆಯಲ್ಲಿ ಜನ ಮೊಣಕೈ ಊರಿ ಊರಿ ಎರಡು ಗುಳಿಗಳು ಬಿದ್ದಿವೆ.

“ಆಗ ಯಾರೂ ನೇರವಾಗಿ ಕೇಳ್ತಿರಲಿಲ್ಲ,” ಎಂದು ನೆನೆಯುತ್ತಾರೆ. “ಮೊದ್ಲು ಕಥೆ ಹೇಳೋರು. ಅತ್ತಿಗೆಗೆ ಜ್ವರ ಬಂದಿದ್ದು, ಬಸ್ಸು ತಪ್ಪಿದ್ದು, ಭಾವ ಜಗಳ ಆಡಿದ್ದು. ಎಲ್ಲಾ ಮುಗಿದ ಮೇಲೆ ‘ಅಣ್ಣಾ, ಇಂಜೆಕ್ಷನ್ ಎಲ್ಲಿ ಕೊಡ್ತಾರೆ’ ಅನ್ನೋರು. ಹಿಂದಿನವರು ಬೈಯೋರು. ನಂಗೆ ಮಾತ್ರ ಆ ಕಥೆ ಕೇಳೋಕೇ ಖುಷಿ.”

ಈಗ ಆಸ್ಪತ್ರೆಯ ವೆಬ್‌ಸೈಟನ್ನು ಹೊಸದಾಗಿ ಕಟ್ಟುತ್ತಿದ್ದಾರೆ. ಹಳೆಯದರಲ್ಲಿ ಎಲ್ಲವೂ ಇತ್ತು, ಯಾವುದೂ ಸಿಗುತ್ತಿರಲಿಲ್ಲ. ‘ಸಾಮಾನ್ಯ ಸೇವೆಗಳು’ ಎಂಬ ಶೀರ್ಷಿಕೆಯ ಕೆಳಗೆ ಆಂಬುಲೆನ್ಸ್ ಇದೆಯೆಂದು ಗಾಬರಿಯಲ್ಲಿರುವವರಿಗೆ ಹೊಳೆಯುವುದು ಹೇಗೆ? ಅದಕ್ಕೇ ಈ ಕಾರ್ಡುಗಳು. ಒಂದೊಂದರ ಮೇಲೆ ಒಂದೊಂದು ಪುಟದ ಹೆಸರು. ಬಂದವರು ತಮಗೆ ತೋಚಿದಂತೆ ಜೊತೆಗೂಡಿಸಿ ಗುಡ್ಡೆ ಮಾಡಬೇಕು, ಗುಡ್ಡೆಗೆ ತಾವೇ ಹೆಸರಿಡಬೇಕು. ಹಲವರ ಗುಡ್ಡೆಗಳನ್ನು ಹೋಲಿಸಿ ವೆಬ್‌ಸೈಟಿನ ವಿಭಾಗಗಳನ್ನು ಗೊತ್ತುಮಾಡುತ್ತಾರೆ. ಅದು ಸರಿಹೋದ ದಿನ ವಿಚಾರಣೆಯ ಕಿಟಕಿಯನ್ನು ಮುಚ್ಚುವುದೆಂದು ತೀರ್ಮಾನವಾಗಿದೆ. ಅಲ್ಲಿಯವರೆಗೆ ಕಿಟಕಿ ಬಿಟ್ಟು ಈ ಮೇಜಿಗೆ ಬಂದು ಜನರಿಂದ ಕಾರ್ಡು ಜೋಡಿಸುವ ಕೆಲಸ ಕಿಟಕಿಯಣ್ಣನದು; ಆಮೇಲೆ ಅವರಿಗೆ ದಾಖಲೆ ಕೋಣೆಯಲ್ಲಿ ಕುರ್ಚಿ ಕಾದಿದೆ. ಕೂತ ಕೊಂಬೆಯನ್ನು ಕಡಿಯುವ ಕೆಲಸ ಕೂತವರ ಕೈಗೇ ಬಂದಿದೆ.

ವೆಬ್‌ಸೈಟ್ ಮಾಡುತ್ತಿರುವ ಹುಡುಗಿ ಇಟ್ಟ ನಿಯಮ ಒಂದೇ: ಜನ ಏನೇ ಕೇಳಿದರೂ ದಾರಿ ಹೇಳಬಾರದು. “ಮೊದಲ ದಿನ ನನ್ನ ಕೈ ತಾನಾಗೇ ಎದ್ದು ತೋರಿಸಿಬಿಡ್ತು,” ಎಂದು ಕಿಟಕಿಯಣ್ಣ ನಗುತ್ತಾರೆ. “ಈಗ ಎರಡೂ ಕೈ ತೊಡೆ ಕೆಳಗೆ ಇಟ್ಕೊಂಡು ಕೂತ್ಕೋತೀನಿ.”

ಅದಕ್ಕೂ ಮೊದಲೊಂದು ಎಡವಟ್ಟಾಗಿತ್ತು. ರೂಢಿಯಾಗಲೆಂದು ಕಾರ್ಡುಗಳನ್ನು ಮನೆಗೆ ಒಯ್ದು ಚಾಪೆಯ ಮೇಲೆ ತಾವೇ ಜೋಡಿಸಿದರು. ನೆಲಮಹಡಿಯದೊಂದು ಗುಡ್ಡೆ, ಮೊದಲ ಮಹಡಿಯದೊಂದು, ಎರಡನೆಯದೊಂದು. ಹೆಂಡತಿ ಸೊಪ್ಪು ಬಿಡಿಸುತ್ತಾ ನೋಡುತ್ತಿದ್ದವರು ಕೇಳಿದರು:

“ಕಂಪ್ಯೂಟರಿಗೆ ಮೆಟ್ಟಿಲು ಇದೆಯೇನ್ರೀ?”

“ಇಲ್ಲ.”

“ಮತ್ತೆ? ಮನೇಲಿ ಉಪ್ಪಿನ ಡಬ್ಬ ಎಲ್ಲಿದೆ ಗೊತ್ತಿಲ್ಲ, ಊರಿಗೆಲ್ಲ ಮಹಡಿ ತೋರಿಸ್ತಾರೆ. ಸರೀರಿ ಆ ಕಡೆ.”

ಆಕೆ ಮಹಡಿಗಳನ್ನೆಲ್ಲ ಕಲಸಿ, ಮಗುವಿಗೆ ಬೇಕಾದವು ಒಂದು ಕಡೆ, ವಯಸ್ಸಾದವರಿಗೆ ಬೇಕಾದವು ಒಂದು ಕಡೆ ಎಂದು ಜೋಡಿಸಿದರು. ಅಷ್ಟು ವರ್ಷ ತಾವು ಹೇಳಿದ್ದು ಕಟ್ಟಡದ ದಾರಿ, ಜನ ಬರುತ್ತಿದ್ದುದು ಬೇರೆ ದಾರಿಯಲ್ಲಿ ಎಂದು ಕಿಟಕಿಯಣ್ಣನಿಗೆ ಅನ್ನಿಸಿದ್ದು ಆವತ್ತು.

ಬೆಳಕು ಹರಿದು ಸಾಲು ಬೆಳೆಯುತ್ತದೆ. ಮೊದಲು ಕೂತ ತರಕಾರಿ ಮಾರುವ ಹೆಂಗಸು ‘ಕ್ಯಾಂಟೀನ್’, ‘ಔಷಧ ಅಂಗಡಿ’, ‘ಸ್ಕ್ಯಾನಿಂಗ್’ ಮೂರನ್ನೂ ಒಟ್ಟಿಗೆ ಬಡಿಯುತ್ತಾರೆ. ಗುಡ್ಡೆಗೆ ಹೆಸರು? “ಜೇಬಿಗೆ ಕತ್ರಿ ಅಂತ ಬರ್ಕೋ ಅಣ್ಣ.” ಕಿಟಕಿಯಣ್ಣ ತುಟಿ ಕಚ್ಚಿಕೊಂಡು ಹಾಗೆಯೇ ಬರೆದುಕೊಳ್ಳುತ್ತಾರೆ.

ಆಮೇಲೆ ಬರುವವರು ಒಬ್ಬ ನಿವೃತ್ತ ಬಸ್ ಚಾಲಕ. ಮೊಣಕಾಲು ತೋರಿಸಲು ಬಂದಿದ್ದಾರೆ. ನಿಧಾನವಾಗಿ ಕಾರ್ಡುಗಳನ್ನು ಸರಿಸುತ್ತಾ ಹೋದವರ ಕೈಗೆ ‘ಶವಾಗಾರ’ ಸಿಗುತ್ತದೆ. ಕೈ ನಿಲ್ಲುತ್ತದೆ.

“ಇದು ಎಲ್ಲಿಗೆ ಬರುತ್ತಪ್ಪಾ?”

ಕಿಟಕಿಯಣ್ಣನಿಗೆ ಗೊತ್ತು. ಹಿಂಬದಿಯ ಗೇಟು, ಜನರೇಟರ್ ಕೋಣೆ ದಾಟಿ ಎಡಕ್ಕೆ. ಕಾರ್ಡುಗಳ ಲೆಕ್ಕದಲ್ಲಾದರೆ ‘ಮರಣ ಪ್ರಮಾಣಪತ್ರ’ದ ಪಕ್ಕ. ನಾಲಿಗೆಯ ತುದಿಯವರೆಗೆ ಬಂದದ್ದನ್ನು ನುಂಗುತ್ತಾರೆ.

“ನಿಮಗೆ ಎಲ್ಲಿ ಅನ್ಸುತ್ತೋ ಅಲ್ಲೇ ಇಡಿ.”

ಚಾಲಕರು ಬಹಳ ಹೊತ್ತು ಕಾರ್ಡನ್ನು ಹಿಡಿದುಕೊಂಡಿರುತ್ತಾರೆ. ಆಮೇಲೆ ಅದನ್ನು ‘ರೋಗಿಯನ್ನು ನೋಡುವ ಸಮಯ’ದ ಪಕ್ಕದಲ್ಲಿ, ಅಂಚಿಗೆ ಅಂಚು ತಾಗುವಂತೆ ಇಡುತ್ತಾರೆ.

“ನನ್ನವಳನ್ನ ಕೊನೇಗೆ ನೋಡಿದ್ದು ಅಲ್ಲೇ ಅಲ್ವಾ. ಎರಡಕ್ಕೂ ಒಂದೇ ಹೆಸರು ಬರ್ಕೊಳ್ಳಿ. ನಮ್ಮವರನ್ನ ನೋಡೋಕೆ.”

ಸಾಲಿನಲ್ಲಿ ಹಿಂದಿದ್ದವರು ಬೈಯುವುದಿಲ್ಲ. ಕಿಟಕಿಯಲ್ಲಿ ಕೇಳಿದ್ದರೆ ಈ ಮನುಷ್ಯನಿಗೆ ಹಿಂಬದಿಯ ಗೇಟಿನ ದಾರಿ ಸಿಗುತ್ತಿತ್ತು, ಇಷ್ಟು ಹೊತ್ತು ಮಾತ್ರ ಸಿಗುತ್ತಿರಲಿಲ್ಲವೇನೋ. ಕಿಟಕಿಯಣ್ಣ ಹೆಸರು ಬರೆದುಕೊಂಡು, ಎದ್ದು, ಚಾಲಕರ ಮೊಣಕಾಲಿಗೆ ಮೆಟ್ಟಿಲು ಕಷ್ಟವೆಂದು ಲಿಫ್ಟಿನವರೆಗೆ ಹೋಗಿ ಬಿಟ್ಟು ಬರುತ್ತಾರೆ. ಅದು ನಿಯಮದಲ್ಲಿಲ್ಲ. ಬೇಡವೆಂದೂ ನಿಯಮದಲ್ಲಿಲ್ಲ.

ಮಧ್ಯಾಹ್ನ ಹುಡುಗಿ ಬಂದು ದಿನದ ಗುಡ್ಡೆಗಳನ್ನು ನೋಡುತ್ತಾಳೆ. ಇನ್ನೂ ಕೆಲವರು ಆ ಎರಡು ಕಾರ್ಡುಗಳನ್ನು ಹಾಗೆಯೇ ಪಕ್ಕಪಕ್ಕ ಇಟ್ಟಿದ್ದಾರೆ. “ಈ ಹೆಸರೇ ಇರ್ಲಿ ಅಣ್ಣ, ‘ನಮ್ಮವರನ್ನು ನೋಡಲು’,” ಎನ್ನುತ್ತಾಳೆ. “ಇಷ್ಟು ಚೆನ್ನಾಗಿ ಆಗುತ್ತೆ ಅಂದ್ಕೊಂಡಿರ್ಲಿಲ್ಲ. ಇನ್ನು ಯಾರೂ ನಿಮ್ಮನ್ನ ಕೇಳೋ ಹಾಗೇ ಇಲ್ಲ!”

“ಒಳ್ಳೇದಾಯ್ತಮ್ಮ,” ಎನ್ನುತ್ತಾರೆ ಕಿಟಕಿಯಣ್ಣ. ಕಾರ್ಡುಗಳ ಅಂಚು ಸರಿಮಾಡಿ ರಬ್ಬರ್ ಬ್ಯಾಂಡ್ ಹಾಕುತ್ತಾರೆ.

ಮನಸ್ಸಿನಲ್ಲಿ ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಕಿಟಕಿಯತ್ತ ನೋಡುತ್ತಾರೆ.

“ಆ ಹಲಗೆ ಇದೆಯಲ್ಲ, ಮೊಣಕೈ ಗುಳಿ ಇರೋದು. ಗೋಡೆ ಕಟ್ಟೋವಾಗ ಅದನ್ನ ಸೌದೆಗೆ ಹಾಕ್ಬೇಡಿ ಅಂತ ಹೇಳಿದೀನಿ. ಗಟ್ಟಿ ಮರ. ಎಲ್ಲಾದ್ರೂ ಬೆಂಚಿಗೆ ಆಗುತ್ತೆ.”

ಹಲಗೆಯ ಮಾತನ್ನು ಅವರು ಹುಡುಗಿಗೆ ಹೇಳಿದ್ದಾರೆ, ಬಡಗಿಗೆ ಹೇಳಿದ್ದಾರೆ, ಮೇಲಧಿಕಾರಿಗೂ ಹೇಳಿದ್ದಾರೆ. ಕಿಟಕಿಯನ್ನು ಮುಚ್ಚಬೇಡಿ ಎಂದು ಮಾತ್ರ ಯಾರಿಗೂ ಹೇಳಿಲ್ಲ.