ಹಲಗೆ ತುದಿಯ ಹಳ್ಳ

ಅವರ ಎಡ ಮುಂಗೈಯಲ್ಲಿ ಒಂದು ಕೂದಲೂ ಇರುತ್ತಿರಲಿಲ್ಲ. ಬ್ಲೇಡು ಮಸೆದ ಮೇಲೆ ಹರಿತ ಬಂತೇ ಎಂದು ಅಲ್ಲೇ ಸವರಿ ನೋಡುತ್ತಿದ್ದರು. ಬಲಗೈ ಮಾತ್ರ ಕರಡಿಯ ಕೈ. ಹಲಗೆ ಕೀಸುವ ಮಿಷನ್‌ಗಳನ್ನು ರಿಪೇರಿ ಮಾಡಲು ಚಿಕ್ಕಬಳ್ಳಾಪುರದಿಂದ ಬೆಳಗಿನ ಬಸ್ಸಿಗೆ ಗೌರಿಬಿದನೂರಿಗೆ ಬರುತ್ತಿದ್ದ ಅವರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು.

ನನ್ನ ಅಂಗಡಿಗೆ ಬಂದವರೇ, ಯಾರೂ ಮಿಷನ್ ಚಾಲೂ ಮಾಡದಿರಲೆಂದು ಗೋಡೆಯ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಆಮೇಲೆ ಟೀ. ನಾನು ಬೇಗ ಬೇಗ ಎಂದು ಹಾರಾಡಿದರೆ, "ಉಂಡಮ್ಮಾ", ಸ್ವಲ್ಪ ಇರಮ್ಮಾ, ಎಂದು ತೆಲುಗಿನಲ್ಲಿ ತಡೆದು, "ಮಿಷನ್ ಮೇಲೆ ಕೋಪ ಆಮೇಲೆ ಮಾಡ್ಕೊಳೋಣ, ಮೊದ್ಲು ಹಲಗೆ ತೋರ್ಸು" ಎನ್ನುವರು. ಹಲಗೆಯ ಉದ್ದಕ್ಕೂ ದಾರದಂಥ ಗೆರೆ ಎದ್ದಿದ್ದರೆ ಬ್ಲೇಡು ಮುಕ್ಕಾಗಿದೆ ಎಂದು ಅರ್ಥ. ಒಂದು ಬ್ಲೇಡನ್ನು ಚೂರು ಪಕ್ಕಕ್ಕೆ ಸರಿಸಿದರೆ ಗೆರೆ ಮಾಯ. ಹಲಗೆ ಒಳಗೆ ಹೋಗದೆ ನಿಂತರೆ ಅದನ್ನು ಎಳೆದುಕೊಳ್ಳುವ ಉರುಳೆಗೆ ಮರದ ಅಂಟು ಮೆತ್ತಿದೆ. ಉರುಳೆ ಒರೆಸಿ ಮೇಜಿಗೆ ಮೇಣ ಸವರಿದರೆ ಸಾಕು. ಇವೆಲ್ಲ ನನಗೆ ಅವರು ಕಲಿಸಿದ್ದು.

ನಾನು ಬಾಗಿಲು ಮಾಡುವ ಅಂಗಡಿ ಇಟ್ಟು ಆಗ ಎರಡನೇ ವರ್ಷ. ಹೆಂಗಸಿನ ಕೈಲಿ ಮರಗೆಲಸವೇ ಎಂದು ಜನ ಮುಸಿಮುಸಿ ನಗುತ್ತಿದ್ದ ಕಾಲ. ನಗರಗೆರೆಯ ರೈತರೊಬ್ಬರು ತಮ್ಮ ಹೊಲದ ಹಲಸಿನ ಮರ ಕೊಯ್ಸಿ ಹಲಗೆ ತಂದುಕೊಟ್ಟಿದ್ದರು. ಹೊಸ ಮನೆಯ ಮುಂಬಾಗಿಲಿಗೆ ಅದೇ ಮರ ಆಗಬೇಕು. ಎರಡು ಹಲಗೆ ಕೀಸಿದೆ, ಎರಡರ ಕೊನೆಯಲ್ಲೂ ಹಳ್ಳ ಬಿತ್ತು. ಬ್ಲೇಡು ಮಸೆಸಿ ತಂದೆ, ಮೂರನೆಯದಕ್ಕೂ ಅದೇ ಗತಿ. ಇನ್ನೊಂದು ಕೆಟ್ಟರೆ ಬಾಗಿಲಿಗೆ ಮರ ಸಾಲದು. ಇದು ಸೆಕೆಂಡ್ ಹ್ಯಾಂಡ್ ಮಿಷನ್, ಮಾರಿದವನು ನನಗೆ ಟೋಪಿ ಹಾಕಿದ ಎಂದು ರೈತರಿಗೂ ಹೇಳಿದೆ, ಫೋನಿನಲ್ಲಿ ಮೇಸ್ತ್ರಿಗೂ ಹೇಳಿದೆ.

ಮರುದಿನ ಮೇಸ್ತ್ರಿ ಬಂದಾಗ ರೈತರೂ ಬಂದು ಕೂತಿದ್ದರು. ಮೇಸ್ತ್ರಿ ನೇರವಾದ ಮರದ ಪಟ್ಟಿಯೊಂದನ್ನು ಮಿಷನ್ನಿನ ಹಿಂದಿನ ಮೇಜಿನಿಂದ ಬ್ಲೇಡಿನ ಮೇಲಕ್ಕೆ ಚಾಚಿಟ್ಟು, ಬ್ಲೇಡನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿದರು. ಅದು ಪಟ್ಟಿಯನ್ನು ಮುಟ್ಟಿಯೂ ಮುಟ್ಟದಂತೆ ಸವರಿ ಹೋಗಬೇಕು. ಹೋಗಲಿಲ್ಲ, ಪಟ್ಟಿಯನ್ನು ಎತ್ತಿ ತಳ್ಳಿತು. ಕೀಸಿದ ಹಲಗೆ ಬಂದು ಕೂರುವ ಹಿಂದಿನ ಮೇಜು ಬ್ಲೇಡಿಗಿಂತ ತಗ್ಗಿತ್ತು. ಹಲಗೆಯ ಕೊನೆ ಮುಂದಿನ ಮೇಜನ್ನು ಬಿಟ್ಟೊಡನೆ ಬ್ಲೇಡಿನ ಮೇಲೆ ಕುಸಿಯುತ್ತಿತ್ತು. ಮೇಸ್ತ್ರಿ ಬಗ್ಗಿ ಮೇಜಿನ ಕೆಳಗೆ ಟಾರ್ಚು ಬಿಟ್ಟು ನೋಡಿದರು.

ರೈತರು ಎಲೆ ಅಡಿಕೆಗೆಂದು ರಸ್ತೆಗೆ ಹೋದಾಗ ಮೇಸ್ತ್ರಿ ಮೆಲ್ಲಗೆ ಕೇಳಿದರು: "ಆಯುಧಪೂಜೆಗೆ ಮೇಜು ಇಳ್ಸಿ ತೊಳ್ದ್ಯೇನಮ್ಮ? ಸಂದಿಯೆಲ್ಲಾ ಕುಂಕುಮ ಐತೆ."

ಸಂದಿಯ ಹೊಟ್ಟು ತೆಗೆಯಲು ಬೋಲ್ಟು ಸಡಿಲಿಸಿ ಮೇಜು ಇಳಿಸಿದ್ದು ನಾನೇ. ಪೂಜೆಯಾದ ಮೇಲೆ ಕಣ್ಣಂದಾಜಿನಲ್ಲಿ ಏರಿಸಿ ಬಿಗಿದಿದ್ದೆ. ಮೂರನೆಯ ಹಲಗೆ ಕೆಟ್ಟಾಗಲೇ ಅನುಮಾನ ಬಂದಿತ್ತು, ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ.

"ಅವ್ರಿಗೆ ಹೇಳ್ಬೇಡಿ ಅಣ್ಣಾ, ಅಂಗಡಿ ಮುಚ್ಕೋಬೇಕಾಗ್ತದೆ" ಎಂದೆ.

"ನಾನು ಹೇಳಲ್ಲ. ನೀನು ಹೇಳು. ಮಾರಿದೋನು ಇಲ್ಲಿಲ್ಲ ಅಂತ ಅವ್ನ ತಲೆ ಮೇಲೆ ಹಾಕ್ಬಿಡ್ತೀಯಾ?" ಎಂದು ಸ್ಪ್ಯಾನರ್ ಹುಡುಕತೊಡಗಿದರು.

ರೈತರು ಬಂದರು. ತಪ್ಪು ನನ್ನದೇ ಎಂದು ಹೇಳಿದೆ. ಅವರು ಹಳ್ಳ ಬಿದ್ದ ತುದಿಯ ಮೇಲೆ ಕೈಯಾಡಿಸಿ, "ನಮ್ಮಪ್ಪ ನೆಟ್ಟಿದ್ದಮ್ಮ ಈ ಮರ" ಎಂದಷ್ಟೇ ಅಂದರು. ಬೈದಿದ್ದರೆ ವಾಸಿಯಿತ್ತು. ಮೇಸ್ತ್ರಿ ಎದ್ದುಬಂದು, ಕೆಟ್ಟ ತುದಿ ಕತ್ತರಿಸಿದರೆ ಆ ಮೂರೂ ಬಾಗಿಲಿನ ಅಡ್ಡಪಟ್ಟಿಗೆ ಆಗುತ್ತವೆ ಎಂದು ಅಳೆದು ತೋರಿಸಿದರು. ಮೇಜು ಸರಿಮಾಡಿ, ನಾಲ್ಕನೆಯ ಹಲಗೆಯನ್ನು ನನ್ನ ಕೈಯಲ್ಲೇ ಕೀಸಿಸಿದರು. ಕೊನೆಯವರೆಗೂ ನುಣ್ಣಗೆ ಬಂತು. ಬಾಗಿಲೂ ಆಯಿತು.

ಮೇಸ್ತ್ರಿ ಹೋದ ವರ್ಷ ತೀರಿಕೊಂಡರು. ಈಚೆಗೆ ಚಿಂತಾಮಣಿಯವರೊಬ್ಬರ ತೇಗದ ಹಲಗೆಯನ್ನು ಅಳತೆ ತಪ್ಪಿ ಕೆಡಿಸಿದೆ. ಮರದ ಒಳಗೇ ಸೀಳು ಇತ್ತು ಎಂದಿದ್ದರೆ ನಂಬುತ್ತಿದ್ದರು. ನನ್ನ ತಪ್ಪು ಎಂದೆ. ಅವರು ಉಳಿದ ಮರವನ್ನೆಲ್ಲ ಹೇರಿಕೊಂಡು ಬೇರೆ ಅಂಗಡಿಗೆ ಹೋದರು. ಕೆಲಸ ಕೈತಪ್ಪಿದ್ದಕ್ಕೆ ಬೇಜಾರಾಯಿತು. ಆದರೆ ಅಳು ಬಂದದ್ದು, "ಹೇಳ್ಬಿಟ್ಟೆ ಅಣ್ಣಾ" ಎಂದು ಫೋನ್ ಮಾಡಲು ಮೇಸ್ತ್ರಿ ಇಲ್ಲವಲ್ಲ ಎಂದು.