ಜೇನಿನ ಬೆನ್ನುಹತ್ತಿದ ವಾಕ್ಯ

'ಪರ್ಸ್ಯೂ' ಎಂಬ ಇಂಗ್ಲಿಷ್ ಕ್ರಿಯಾಪದವನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ ಎಂದು ಯಾರಿಗೇ ಹೇಳಿ ನೋಡಿ, ಹತ್ತರಲ್ಲಿ ಒಂಬತ್ತು ಮಂದಿ ಉನ್ನತ ಶಿಕ್ಷಣದ ಬೆನ್ನುಹತ್ತುತ್ತಾರೆ. ಉಳಿದ ಒಬ್ಬ ಕಳ್ಳನ ಹಿಂದೆ ಪೊಲೀಸರನ್ನು ಓಡಿಸುತ್ತಾನೆ. ಪುತ್ತೂರಿನ ಕಾಲೇಜೊಂದರಲ್ಲಿ ನಿವೃತ್ತಿಯವರೆಗೂ ಇಂಗ್ಲಿಷ್ ಕಲಿಸಿದ ನನಗೆ ಈ ಎರಡು ವಾಕ್ಯಗಳನ್ನು ತಿದ್ದಿ ತಿದ್ದಿ ಕೆಂಪು ಶಾಯಿಯ ಮೇಲೆಯೇ ವೈರಾಗ್ಯ ಬಂದಿತ್ತು. ವಿದ್ಯಾರ್ಥಿಗಳನ್ನು ದೂಷಿಸುವಂತಿಲ್ಲ, ಉನ್ನತ ಶಿಕ್ಷಣದ ವಾಕ್ಯವನ್ನು ಕರಿಹಲಗೆಯ ಮೇಲೆ ಉದಾಹರಣೆಯಾಗಿ ಬರೆಯುತ್ತಿದ್ದವನು ನಾನೇ ತಾನೆ! ನನ್ನ ಸ್ವಂತ ಬಾಳಿನಲ್ಲಿ ನಾನು ಶ್ರದ್ಧೆಯಿಂದ ಬೆನ್ನಟ್ಟಿದ್ದು ಹೊರಟುಹೋಗುವ ಬಸ್ಸುಗಳನ್ನು ಮಾತ್ರ.

ಈಗ ನನಗೆ ಉಳಿದಿರುವ ಏಕೈಕ ಶಿಷ್ಯೆ ನನ್ನ ತಂಗಿ ಶಾರದೆ. ಸುಳ್ಯದ ಆಚೆ ಆಲೆಟ್ಟಿಯಲ್ಲಿ ಅವಳ ಮನೆ. ಮದುವೆಯ ಗಡಿಬಿಡಿಯಲ್ಲಿ ಅರ್ಧಕ್ಕೆ ಬಿಟ್ಟ ಪದವಿಯನ್ನು ತಲೆ ನರೆತ ಮೇಲೆ ಮುಗಿಸಲು ಹೊರಟಿದ್ದಾಳೆ. ಇಂಗ್ಲಿಷ್ ಒಂದು ದಾಟಿದರೆ ಆಯಿತು. ಭಾನುವಾರಗಳಂದು ನಾನು ಹೋಗಿ ಪಾಠ ಹೇಳುತ್ತೇನೆ, ಮಧ್ಯಾಹ್ನದ ಊಟವೇ ಗುರುದಕ್ಷಿಣೆ.

ಅವಳ ಗಂಡ ತೀರಿಹೋಗಿ ಹೆಚ್ಚು ಕಾಲವಾಗಿಲ್ಲ. ತುಡುವೆ ಜೇನು ಸಾಕುವುದೆಂದರೆ ಅವನಿಗೆ ಪ್ರಾಣ. ಅಂಗಳದ ಅಂಚಿನುದ್ದಕ್ಕೂ ಪೆಟ್ಟಿಗೆಗಳನ್ನು ಇಟ್ಟಿದ್ದ. ಅವನು ಹೋದ ಮೇಲೆ ಒಂದೊಂದೇ ಜೇನುಕುಟುಂಬ ಹಾರಿಹೋಗಿ, ಕೊನೆಗೆ ಹುಳುಗಳಿದ್ದದ್ದು ಒಂದೇ ಪೆಟ್ಟಿಗೆಯಲ್ಲಿ. ಬೆಳಗಾದರೆ ಶಾರದೆ ಮೊದಲು ನೋಡುವುದು ಅದರ ಬಾಯನ್ನು. "ಇದೂ ಹೋದ್ರೆ ಅವರು ಕೈಯ್ಯಾರೆ ಸಾಕಿದ್ದು ಅಂತ ಇಲ್ಲಿ ಎಂತ ಉಂಟು ಅಣ್ಣ?" ಎಂದು ಒಮ್ಮೆ ಕೇಳಿದ್ದಳು. 

ಬೇಲಿಯ ಆಚೆಗೆ ಅವಳ ಗಂಡನ ಅಣ್ಣನ ಮನೆ. ಆಸ್ತಿ ಪಾಲಾದಾಗ ನೀರಿನ ತೋಡೊಂದು ಯಾರದೆಂದು ಜಗಳವಾಗಿ ಮಾತು ನಿಂತಿತು. ತೋಡು ಬೇಸಗೆಯಲ್ಲಿ ಬತ್ತುತ್ತದೆ, ಜಗಳಕ್ಕೆ ಆ ನಿಯಮವಿಲ್ಲ. ತಮ್ಮ ಸತ್ತ ದಿನ ಅವರು ಬಂದು ಅಂಗಳದ ಕೊನೆಯಲ್ಲಿ ನಿಂತು, ಯಾರೊಡನೆಯೂ ಮಾತನಾಡದೆ ಹಿಂದಿರುಗಿದ್ದರು. ಶಾರದೆಯ ಬಾಯಲ್ಲಿ ಅವರಿಗೆ ಹೆಸರೂ ಇಲ್ಲ, ಸಂಬಂಧವೂ ಇಲ್ಲ. ಬರೀ 'ಆಚೆ ಮನೆಯವರು'.

ಗೇರು ಹೂಬಿಟ್ಟ ಕಾಲದ ಒಂದು ಭಾನುವಾರ ನಾನು ಅವಳಿಗೆ ಈ ಕ್ರಿಯಾಪದವನ್ನೇ ಕೊಟ್ಟೆ. ಅವಳು ಪೆನ್ನು ಕಚ್ಚುತ್ತಾ ಕುಳಿತಳು. "ಈ ಪ್ರಾಯದಲ್ಲಿ ನಾನು ಎಂತದ್ದರ ಹಿಂದೆ ಹೋಗುದು ಮಾರಾಯ?" ಎಂದು ನಗುವಷ್ಟರಲ್ಲಿ ಅಂಗಳದಲ್ಲಿ ಮೊರೆತ ಎದ್ದಿತು. ಪೆಟ್ಟಿಗೆಯ ಬಾಯಿಂದ ಹುಳುಗಳು ಸುರಿದು, ಕಪ್ಪಗೆ ಸುತ್ತುತ್ತಾ ಮೇಲೇರುತ್ತಿದ್ದವು. ಕೊನೆಯ ಕುಟುಂಬವೂ ಹೊರಟಿತ್ತು. ಅವಳು ಪುಸ್ತಕ ಎಸೆದು ಓಡಿದಳು.

ನಮ್ಮ ಕಡೆ ಒಂದು ಕ್ರಮ ಉಂಟು. ಹಾರುವ ಜೇನಿನ ಹಿಂದೆ ಬಂದವರನ್ನು ಯಾರೂ ತಡೆಯುವುದಿಲ್ಲ, ಯಾಕೆ ಬಂದೆ ಎನ್ನುವುದಿಲ್ಲ. ಯಾರ ಜಾಗದ ಮೇಲೆ ಅದು ಹಾರುತ್ತದೋ ಅವರೂ ನೀರೆರಚಬೇಕು. ಮಳೆ ಬಂತೆಂದುಕೊಂಡು ಹುಳುಗಳು ತಗ್ಗಿನಲ್ಲಿ ಕೂರಲಿ ಎಂದು. ನಾನೂ ಚೊಂಬು ಹಿಡಿದು ಓಡಿದೆ, ನೀರೆಲ್ಲ ನನ್ನ ಪಂಚೆಗೇ ಆಯಿತು. ಜೇನು ಬೇಲಿ ದಾಟಿತು. ಬೇಲಿಯ ನಡುವೆ ದಾಟಲೆಂದು ಇದ್ದ ತಡಮೆಯ ಬಳಿ ಶಾರದೆ ನಿಂತುಬಿಟ್ಟಳು. ಆಚೆಗೆ ಕಾಲಿಟ್ಟು ಎಷ್ಟೋ ವರ್ಷಗಳಾಗಿತ್ತು.

"ನಿಂತದ್ದೆಂತಕ್ಕೆ ಶಾರದೆ? ಬಾ, ಹುಳ ಹೋಗ್ತದೆ!"

ಕೂಗಿದ್ದು ಆಚೆ ಮನೆಯವರು. ಅವರು ಆಗಲೇ ಬಾಲ್ದಿ ಹಿಡಿದು ಆಕಾಶಕ್ಕೆ ನೀರೆರಚುತ್ತಿದ್ದರು. ಶಾರದೆ ತಡಮೆ ದಾಟಿದಳು. ಇಬ್ಬರೂ ಅಕ್ಕಪಕ್ಕದಲ್ಲಿ, ಕಣ್ಣು ಮೇಲಕ್ಕೇ ನೆಟ್ಟು, ಎಡವುತ್ತಾ ಗುಡ್ಡೆಯ ಕಡೆಗೆ ಹೋದರು. ಬಸ್ಸಿನಂತೆ ಜೇನನ್ನು ಓಡಿ ಹಿಡಿಯಲಾಗದು ಎಂದು ನನಗೆ ಹೊಳೆದದ್ದು ಆಗಲೇ. ಕಣ್ಣು ತಪ್ಪದಂತೆ ಜೊತೆಗೆ ಹೋಗಬಹುದು, ಕೂರುವುದು ಅದರ ಇಚ್ಛೆ. ಮನುಷ್ಯರ ಮನಸ್ಸಿಗೂ ಇದು ಸಲ್ಲುತ್ತದೆಯೋ ಏನೋ, ಓದುಗರೇ, ನೀವೇ ಹೇಳಬೇಕು.

ಕೊನೆಗೆ ಜೇನು ಗೇರುಮರದ ತಗ್ಗಿನ ಕೊಂಬೆಯೊಂದರಲ್ಲಿ ಗೊಂಚಲಾಗಿ ಕೂತಿತು. ಆಚೆ ಮನೆಯವರು ತಲೆಯ ಮೇಲಿದ್ದ ಅಡಿಕೆ ಹಾಳೆಯ ಟೊಪ್ಪಿಯನ್ನು ತೆಗೆದು ಬೋರಲಾಗಿ ಗೊಂಚಲಿನ ಮೇಲೆ ಹಿಡಿದರು. ಶಾರದೆ ಬರಿಗೈಯಲ್ಲಿ ಮೆಲ್ಲನೆ ಹುಳುಗಳನ್ನು ಅದರೊಳಕ್ಕೆ ಏರಿಸತೊಡಗಿದಳು.  ಟೊಪ್ಪಿ ತುಂಬಿದಾಗ ಅವರು ಅದನ್ನೇ ನೋಡುತ್ತಾ, "ತಮ್ಮನದ್ದಲ್ವಾ, ಬಿಡ್ಲಿಕ್ಕೆ ಆಗ್ತದಾ?" ಎಂದರು. ನನ್ನ ಕಣ್ಣು ತುಂಬಿ ಬಂತು. ಚೊಂಬು ಖಾಲಿಯಿದ್ದುದರಿಂದ ಮುಖಕ್ಕೆ ನೀರು ಹಾಕಿಕೊಳ್ಳುವ ನೆಪವೂ ಇರಲಿಲ್ಲ.

ಅವರೇ ಟೊಪ್ಪಿಯನ್ನು ಹೊತ್ತು ತಂದು ಹುಳುಗಳನ್ನು ಪೆಟ್ಟಿಗೆಗೆ ಇಳಿಸಿದರು. ಶಾರದೆ ಒಳಗಿನಿಂದ ಬೆಲ್ಲ, ನೀರು ತಂದು ಜಗಲಿಯಲ್ಲಿಟ್ಟಳು. ಅವರು ಬೆಲ್ಲ ಬಾಯಿಗೆ ಹಾಕಿ, ನೀರು ಕುಡಿದು, ಬರುತ್ತೇನೆಂದು ಹೇಳಿ ಹೋದರು. ಹುಳುಗಳು ನಿಲ್ಲುತ್ತವೆಯೇ, ನಾಳೆ ಮತ್ತೆ ಹಾರುತ್ತವೆಯೇ, ಯಾರಿಗೆ ಗೊತ್ತು.

ಊಟವಾದ ಮೇಲೆ ನಾನು ಪಾಠ ಬೇಡವೆಂದರೂ ಅವಳು ಪುಸ್ತಕದ ಧೂಳು ಕೊಡವಿ ಕುಳಿತಳು. ಎರಡು ಶಬ್ದ ಬರೆದು ತಲೆಯೆತ್ತಿದಳು.

"ಅಣ್ಣ, ಭಾವ ಅನ್ಲಿಕ್ಕೆ ಇಂಗ್ಲಿಷಿನಲ್ಲಿ ಎಂತ ಹೇಳುದು?"

ಹೇಳಿಕೊಟ್ಟೆ. ಅವಳ ವಾಕ್ಯದಲ್ಲಿ ಉನ್ನತ ಶಿಕ್ಷಣವಿರಲಿಲ್ಲ, ಕಳ್ಳನೂ ಇರಲಿಲ್ಲ. ಭಾವ ಮತ್ತು ನಾನು ಜೇನಿನ ಬೆನ್ನುಹತ್ತಿದೆವು, ಎಂದಷ್ಟೇ ಇತ್ತು. ನಾನು ಕೆಂಪು ಪೆನ್ನನ್ನು ಕಿಸೆಯಿಂದ ಹೊರತೆಗೆಯಲಿಲ್ಲ.