ಎಂಟು ವಾರದ ಕೌನ್ಸೆಲಿಂಗ್

ಅರಕಲಗೂಡಿನಲ್ಲಿ ನನ್ನದು ಪೈಪು, ನಲ್ಲಿ ಮಾರುವ ಅಂಗಡಿ. ಮೂಗಿನ ತುದಿಯಲ್ಲೇ ಕೋಪ ಎಂದು ಹೆಸರಾದವನು ನಾನು. ಕಳೆದ ಬೇಸಿಗೆಯಲ್ಲಿ ಬಾಗೂರಿನ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋದಾಗ ಊಟದ ಪಂಕ್ತಿಯಲ್ಲೇ ಮಗಳ ಮೇಲೆ ಎಗರಾಡಿದೆ. ಒಬ್ಬಟ್ಟಿಗೆ ತುಪ್ಪ ಬೇಡ ಅಂದದ್ದೇ ಅವಳ ಅಪರಾಧ. ಎಲೆ ಬಿಟ್ಟು ಎದ್ದುಹೋದವಳು ಆಮೇಲೆ ನನ್ನ ಜೊತೆ ಮಾತೇ ಬಿಟ್ಟಳು. ಪಿಯುಸಿ ಮುಗಿಸಿದ ಹುಡುಗಿ, ಇನ್ನೆರಡು ತಿಂಗಳಿಗೆ ಹಾಸ್ಟೆಲ್ ಸೇರುವವಳು. ಹೀಗೆ ಮುನಿಸಿಕೊಂಡೇ ಹೊರಟುಬಿಟ್ಟರೆ ಎಂದು ನನಗೆ ಊಟ ಸೇರುತ್ತಿರಲಿಲ್ಲ.

ಹೆಂಡತಿಯ ಕಾಟ ತಾಳದೆ ಹಾಸನದಲ್ಲಿ ಒಬ್ಬ ಆಪ್ತಸಮಾಲೋಚಕಿಯ ಹತ್ತಿರ ಹೋದೆ.

"ಕೋಪ ಬಂದಾಗ ತಡ್ಕೊಳ್ಳೋದು ಕಲಿಯೋಕೆ ಎಂಟು ವಾರ ಸಾಕು ಸರ್. ಅದು ಎಲ್ಲಿಂದ ಬರ್ತಿದೆ ಅಂತ ನೋಡ್ಬೇಕಂದ್ರೆ ವರ್ಷದ ಮೇಲೇ ಹಿಡಿಬಹುದು," ಎಂದರು ಆಕೆ.

ನನ್ನ ಕಸುಬಿನ ಲೆಕ್ಕದಲ್ಲಿ, ಸೋರುವ ಕಡೆ ಟೇಪು ಸುತ್ತುವುದೋ, ನೆಲ ಅಗೆದು ಪೈಪೇ ಬದಲಾಯಿಸುವುದೋ. ಅಗೆದರೆ, ಕೋಪದಲ್ಲಿ ನನ್ನನ್ನೂ ಮೀರಿಸಿದ್ದ ನಮ್ಮಪ್ಪನ ವಿಷಯ ಮೇಲೆ ಬರುತ್ತದೆ ಎಂದು ಗೊತ್ತಿತ್ತು. ಎಂಟೇ ವಾರ ಸಾಕು ಎಂದೆ.

ಮನೆಗೆ ಬಂದು, ಎಲ್ಲಿಗೆ ಹೋಗಿದ್ದೆ ಎಂದು ಕೇಳಿದ ನಮ್ಮವ್ವನಿಗೆ, "ಕೌನ್ಸೆಲಿಂಗ್‌ಗೆ ಓಗಿದ್ದೆ ಕಣವ್ವ," ಎಂದೆ. ನಮ್ಮ ಕಡೆ ಕೌನ್ಸೆಲಿಂಗ್ ಅಂದರೆ ಸಿಇಟಿ ಬರೆದ ಮಕ್ಕಳಿಗೆ ಕಾಲೇಜು ಸೀಟು ಹಂಚುವುದು, ಅಷ್ಟೇ. ಮೊಮ್ಮಗಳ ಸೀಟಿಗಾಗಿ ಮಗ ಅಲೆಯುತ್ತಿದ್ದಾನೆಂದು ಅವ್ವ ಬೀದಿಗೆಲ್ಲ ಸಾರಿದಳು. ಬದುಕಿದೆ ಎಂದುಕೊಂಡು ನಾನೂ ತಿದ್ದಲು ಹೋಗಲಿಲ್ಲ.

ಮಲ್ಲಿಪಟ್ಟಣದ ಗಿರಾಕಿಯೊಬ್ಬ ಅಂಗಡಿಯಲ್ಲಿ ಹಿಡಿದುಕೊಂಡ. "ಕೌನ್ಸೆಲಿಂಗ್‌ಗೆ ಓಯ್ತಿದ್ದೀಯಂತಲ್ಲಣ್ಣ, ಮಗಳದು ಎಷ್ಟ್ ವರ್ಸದ ಕೋರ್ಸು?"

"ಎಂಟು ವಾರ," ಎಂದೆ ಬಾಯಿತಪ್ಪಿ.

"ಎಂಟೇ ವಾರಕ್ಕೆ ಇಂಜಿನಿಯರ್ ಮಾಡ್ಬುಡ್ತಾರಾ!"

ಸಮಾಲೋಚಕಿ ಕಲಿಸಿದಂತೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸತೊಡಗಿದೆ. ನಾಲ್ಕಕ್ಕೇ ಬೈದುಬಿಟ್ಟೆ.

ಆ ಸಂಜೆ ಊಟಕ್ಕೆ ಕುಳಿತಾಗ ಅವ್ವ ಮೊಮ್ಮಗಳನ್ನೇ ಕೇಳಿದಳು: "ನಿಮ್ಮಪ್ಪ ವಾರ ವಾರ ಆಸನಕ್ಕೆ ಓಯ್ತಾನಲ್ಲ, ಸೀಟು ಸಿಕ್ತೇನವ್ವ?"

ಮಗಳು ತಲೆಯೆತ್ತಿದಳು. ಸೀಟಿನ ಕೆಲಸವೆಲ್ಲ ಅವಳ ಮೊಬೈಲಿನಲ್ಲೇ ನಡೆಯುತ್ತಿತ್ತು. ಅದಕ್ಕೆ ಯಾರೂ ಹಾಸನಕ್ಕೆ ಹೋಗಬೇಕಿರಲಿಲ್ಲ. ಹೆಂಡತಿ ಅವಳ ಕಿವಿಯಲ್ಲಿ ನಿಜ ಉಸುರಿದಳು. ನಾನು ನಾಚಿಕೆಯಿಂದ ಮುದ್ದೆ ಮುರಿಯುತ್ತಲೇ ಇದ್ದೆ, ನುಂಗಲಿಲ್ಲ.

"ಎಷ್ಟು ದಿನದ್ದು ತಗೊಂಡೆ?" ಎಂದಳು ಮಗಳು. ಒಂದು ತಿಂಗಳಾದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು.

"ಎಂಟು ವಾರದ್ದು ಕಣವ್ವ."

"ನಿಂಗೆ ಅದು ಯಾತಕ್ಕೂ ಸಾಲಲ್ಲ ಕಣಪ್ಪ. ದೊಡ್ಡದೇ ತಗೋ. ರಜಕ್ಕೆ ಬಂದಾಗ ನಾನೂ ಜೊತೆಗೆ ಬತ್ತೀನಿ."

ಬೈಸಿಕೊಂಡು ಅಷ್ಟು ಸಂತೋಷಪಟ್ಟಿದ್ದು ಅದೇ ಮೊದಲು. ಬೆಳಗ್ಗೆ ಎದ್ದವನೇ ಹಾಸನಕ್ಕೆ ಫೋನ್ ಮಾಡಿ, ವರ್ಷ ಹಿಡಿಯುವ ದೊಡ್ಡದಕ್ಕೇ ಹೆಸರು ಬರೆಸಿದೆ.